ಟ್ರ್ಯಾಕ್ಟರ್ ಮಾರುವವರಿಗೆ: ರೊಕ್ಕ ಎಣಿಸಿದ ಮೇಲೂ ಉಳಿಯುವ ಕೆಲಸ

ಸಂತೆಯಲ್ಲಿ ಎತ್ತು ಮಾರಿದರೆ ಹಗ್ಗ ಕೈ ಬದಲಿಸಿದ ಕೂಡಲೇ ವ್ಯಾಪಾರ ಮುಗಿಯಿತು. ನಾಳೆ ಅದು ಯಾರನ್ನಾದರೂ ಹಾಯ್ದರೆ ಹೊಸ ಯಜಮಾನನ ಪಾಡು. ಟ್ರ್ಯಾಕ್ಟರ್ ಹಾಗಲ್ಲ. ರೊಕ್ಕ ಎಣಿಸಿ, ಕೀಲಿ ಕೊಟ್ಟು, ಚಹಾ ಕುಡಿಸಿ ಕಳಿಸಿದ ಮೇಲೂ ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ನಿಮ್ಮ ಹೆಸರಿರುವ ತನಕ ಕಾನೂನಿನ ಲೆಕ್ಕದಲ್ಲಿ ಮಾಲೀಕರು ನೀವೇ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಾರೊಂದರ ಪ್ರಕರಣದಲ್ಲಿ ಇದನ್ನು ಖಚಿತವಾಗಿ ಹೇಳಿತು. ಆ ಕಾರು ಮಾರಾಟವಾಗಿ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋಗಿತ್ತು, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಬಂದು ಕೂತದ್ದು ಆ ಮೊದಲಿನವರ ಹೆಗಲಿಗೇ.

ಆದ್ದರಿಂದ ಮಾರಾಟ ಬೇರೆ, ವಿಮೆ ಬೇರೆ ಎಂದು ನೋಡುವುದು ಬೇಡ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿಕೊಂಡು ಹೊರಡೋಣ.

ಬೆಲೆ ಕಟ್ಟುವುದು

ಮಾರುವವರ ತಲೆಯಲ್ಲಿ ಸಾಮಾನ್ಯವಾಗಿ ತಾವು ಕೊಂಡ ಬೆಲೆ ಇರುತ್ತದೆ. ಕೊಳ್ಳುವವರ ತಲೆಯಲ್ಲಿ ಇರುವುದು ಇವತ್ತಿನ ಶೋರೂಂ ಬೆಲೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 8 ಲಕ್ಷದ ಗಾಡಿಗೆ ಮೊದಲು 96 ಸಾವಿರ ತೆರಿಗೆ ಬೀಳುತ್ತಿತ್ತು, ಈಗ 40 ಸಾವಿರ. ಹೊಸದೇ 56 ಸಾವಿರ ಅಗ್ಗವಾದಾಗ ಹಳೆಯದರ ಬೆಲೆ ಹಳೆಯ ಜಾಗದಲ್ಲೇ ನಿಲ್ಲುವುದಿಲ್ಲ. ನಿಮ್ಮ ಮಾದರಿಯ ಹೊಸ ಗಾಡಿ ಇಂದು ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಮೊದಲು ಡೀಲರ್ ಬಳಿ ಬರೆಸಿಕೊಂಡು ಬನ್ನಿ. ಎಕ್ಸ್‌ಚೇಂಜ್‌ಗೆ ಎಷ್ಟು ಕೊಡುತ್ತೀರಿ ಎಂದೂ ಕೇಳಿ. ಅದೇ ನಿಮ್ಮ ಕೆಳಗಿನ ಗೆರೆ. ಅದಕ್ಕಿಂತ ಕಡಿಮೆಗೆ ಕೇಳುವ ದಲ್ಲಾಳಿಯನ್ನು ನಮಸ್ಕಾರ ಹೇಳಿ ಕಳಿಸಬಹುದು.

ಗಂಟೆ ಮೀಟರ್ ಓಡುತ್ತಿದ್ದರೆ ಒಳ್ಳೆಯದು, ಆದರೆ ಅನುಭವಸ್ಥರು ಅದನ್ನೊಂದೇ ನಂಬುವುದಿಲ್ಲ. ಟ್ರೇಲರ್ ಸಿಕ್ಕಿಸುವ ಕೊಂಡಿಯ ತೂತು ಸವೆದು ಉದ್ದವಾಗಿದೆಯೇ ನೋಡುತ್ತಾರೆ. ಆಗಿದ್ದರೆ ಕಬ್ಬು ಎಳೆದ ಗಾಡಿ ಎಂದು ಅವರಿಗೆ ಗೊತ್ತಾಯಿತು. ಕ್ಲಚ್ ಪೆಡಲ್ ನುಣ್ಣಗಾಗಿದೆಯೇ, ಸ್ಟೇರಿಂಗ್ ಎಷ್ಟು ಸಡಿಲ, ಲಿಫ್ಟ್ ರೋಟಾವೇಟರನ್ನು ಎತ್ತಿ ಹಿಡಿದುಕೊಳ್ಳುತ್ತದೆಯೇ ಅಥವಾ ನಿಧಾನಕ್ಕೆ ಇಳಿಸಿಬಿಡುತ್ತದೆಯೇ, ಹೊಗೆ ನೀಲಿಯೇ ಎಂದು ನೋಡುತ್ತಾರೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಗಂಗಾವತಿ, ಸಿಂಧನೂರಿನ ಕಡೆ ಭತ್ತದ ಕೆಸರಿನಲ್ಲಿ ದುಡಿದ ಗಾಡಿಗೂ ಎರೆಹೊಲದಲ್ಲಿ ದುಡಿದ ಗಾಡಿಗೂ ಒಂದೇ ವಯಸ್ಸಾದರೂ ಒಂದೇ ಬೆಲೆ ಸಿಗುವುದಿಲ್ಲ. ಕೆಸರು ಆಕ್ಸಲ್ಲಿನ ಸೀಲುಗಳನ್ನು ತಿನ್ನುತ್ತದೆ, ಅದು ಕೊಳ್ಳುವವರಿಗೂ ಗೊತ್ತು.

ಮಾರುವ ಮೊದಲು ಏನು ರಿಪೇರಿ ಮಾಡಿಸಬೇಕು? ಬ್ಯಾಟರಿ, ಸೆಲ್ಫ್, ಲೈಟು, ಸೋರುವ ಆಯಿಲ್. ಇಷ್ಟು ಸಾಕು. ಹಿಂದಿನ ಎರಡು ಹೊಸ ಟಯರ್ ಹಾಕಿಸಿದರೆ ಆ ದುಡ್ಡು ಪೂರ್ತಿ ವಾಪಸ್ ಬರುವುದು ಅಪರೂಪ. ಬಣ್ಣವಂತೂ ಬೇಡವೇ ಬೇಡ. ಹೊಸ ಬಣ್ಣ ಕಂಡ ಕೂಡಲೇ ಕೊಳ್ಳುವವರು ಅದರ ಕೆಳಗೆ ಏನು ಮುಚ್ಚಿದ್ದಾರೆ ಎಂದು ಕೆದಕಲು ಶುರು ಮಾಡುತ್ತಾರೆ. ಅವರು ಬರುವ ಮುಂಚೆ ಎಂಜಿನ್ ಬಿಸಿ ಮಾಡಿ ಇಡುವ ಜಾಣತನವೂ ಹಾಗೇ. ಬಾನೆಟ್ ಮೇಲೆ ಕೈ ಇಟ್ಟರೆ ಸಿಕ್ಕಿಬೀಳುತ್ತೀರಿ.

ಕಾಗದ: ವ್ಯಾಪಾರ ನಿಲ್ಲುವುದು ಇಲ್ಲಿ

ಗಿರಾಕಿ ಹುಡುಕುವ ಮೊದಲೇ ಆರ್‌ಸಿ ತೆಗೆದು ನೋಡಿ. ಸಾಲದಲ್ಲಿ ಕೊಂಡ ಗಾಡಿಯಾದರೆ ಅದರಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಕಂತು ತೀರಿಸಿದ ಮಾತ್ರಕ್ಕೆ ಆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನಿಂದ ಬೇಬಾಕಿ ಪತ್ರ ಮತ್ತು ಸಹಿ ಮಾಡಿದ ಫಾರಂ 35 ತಂದು ಸಾರಿಗೆ ಕಚೇರಿಯಲ್ಲಿ ಎಚ್‌ಪಿ (ಸಾಲಕ್ಕೆ ಗಾಡಿ ಅಡವಿಟ್ಟ ನಮೂದು) ರದ್ದು ಮಾಡಿಸಬೇಕು. ಟ್ರ್ಯಾಕ್ಟರ್ ಸಾಲಕ್ಕೆ ಜಮೀನನ್ನೂ ಅಡವಿಟ್ಟಿದ್ದರೆ ಇನ್ನೊಂದು ಕೆಲಸ ಉಂಟು. ಪಹಣಿಯ 11ನೇ ಕಲಮಿನಲ್ಲಿ ಸಾಲದ ನಮೂದು ಹಾಗೇ ಕೂತಿರುತ್ತದೆ. ಗಾಡಿ ಮಾರಿ ಎಷ್ಟೋ ವರ್ಷಗಳಾದ ಮೇಲೆ ಬೆಳೆಸಾಲಕ್ಕೆ ಹೋದಾಗ ‘ನಿಮ್ಮ ಹೊಲದ ಮೇಲೆ ಟ್ರ್ಯಾಕ್ಟರ್ ಸಾಲ ಇದೆಯಲ್ರೀ’ ಎನಿಸಿಕೊಳ್ಳುವ ಬದಲು ಈಗಲೇ ಎರಡನ್ನೂ ಒಟ್ಟಿಗೆ ಮುಗಿಸುವುದು ಲೇಸು. ಸಾಲ ಇನ್ನೂ ಬಾಕಿ ಇದ್ದರೆ ಆ ಮೊತ್ತವನ್ನು ಕೊಳ್ಳುವವರು ನೇರ ಬ್ಯಾಂಕಿಗೇ ಕಟ್ಟಲಿ, ಉಳಿದದ್ದು ನಿಮಗೆ.

ಟ್ರೇಲರ್‌ಗೆ ಬೇರೆ ನೋಂದಣಿ ಇರುತ್ತದೆ. ‘ಸೆಟ್’ ಮಾರುತ್ತೇವೆ ಎಂದುಕೊಂಡು ಎಂಜಿನ್ನಿನ ಆರ್‌ಸಿ ಮಾತ್ರ ವರ್ಗಾಯಿಸಿ ಟ್ರೇಲರ್ ಮರೆಯುವವರು ಬಹಳ. ತಂದೆಯವರ ಹೆಸರಿನಲ್ಲಿದ್ದು ಅವರು ತೀರಿಕೊಂಡಿದ್ದರೆ, ಹೊಲಕ್ಕೆ ಪೌತಿ ಖಾತೆ ಮಾಡಿಸಿದ ಹಾಗೆ ಗಾಡಿಯನ್ನೂ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಯೇ ಮುಂದೆ ಹೋಗಬೇಕು. 2019ರ ಏಪ್ರಿಲ್‌ಗಿಂತ ಹಳೆಯ ನೋಂದಣಿಯಾದರೆ ಎಚ್‌ಎಸ್‌ಆರ್‌ಪಿ ಎನ್ನುವ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟ್ ಹಾಕಿಸಿಕೊಳ್ಳಿ. ಸಹಾಯಧನದಲ್ಲಿ ಪಡೆದ ಯಂತ್ರವಾಗಿದ್ದರೆ ಮಾರಾಟಕ್ಕೆ ಅಡ್ಡಿ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.

15 ವರ್ಷ ಆದ ಗಾಡಿ ಗುಜರಿಗೇ ಹೋಗಬೇಕು ಎಂದು ಹೆದರಿಸಿ ಬೆಲೆ ಇಳಿಸುವ ಮಧ್ಯವರ್ತಿಗಳಿದ್ದಾರೆ. ಕೃಷಿ ಟ್ರ್ಯಾಕ್ಟರ್ ಸಾರಿಗೆಯೇತರ ವಾಹನ. 15 ವರ್ಷಕ್ಕೆ ನೋಂದಣಿ ಮುಗಿಯುತ್ತದೆ ನಿಜ, ತಪಾಸಣೆಯಲ್ಲಿ ಪಾಸಾದರೆ ಮತ್ತೆ 5 ವರ್ಷಕ್ಕೆ ನವೀಕರಣ ಆಗುತ್ತದೆ. ಅವಧಿ ಹತ್ತಿರ ಬಂದಿದ್ದರೆ ನವೀಕರಿಸಿಯೇ ಮಾರಿ. ಖರ್ಚಿಗಿಂತ ಬೆಲೆ ಹೆಚ್ಚು ಏರುತ್ತದೆ ಎಂಬುದು ನನ್ನ ಅಂದಾಜು.

ಕೀಲಿ ಕೊಡುವ ದಿನ

ಸಂಚಕಾರ ಎಷ್ಟೇ ಇರಲಿ, ಬ್ಯಾಂಕ್ ಮೂಲಕ ಬರಲಿ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎನ್ನುತ್ತದೆ ಆದಾಯ ತೆರಿಗೆ ಕಾನೂನು. ಎರಡು ಕಂತಾಗಿ ಒಡೆದು ತೆಗೆದುಕೊಂಡರೂ ವ್ಯವಹಾರ ಒಂದೇ. ದಂಡ ಬೀಳುವುದು ಕೊಟ್ಟವರಿಗಲ್ಲ, ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತ.

ಆರ್‌ಸಿ ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಫಾರಂ 30 ಒಂದು. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲಷ್ಟೇ ಸಹಿ ಹಾಕಿ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಹೋಗುವ ದಲ್ಲಾಳಿ ಗಾಡಿಯನ್ನು ಮೂರನೆಯವರಿಗೆ, ಅವರು ನಾಲ್ಕನೆಯವರಿಗೆ ದಾಟಿಸುತ್ತಾರೆ. ಅಷ್ಟೂ ದಿನ ಆರ್‌ಸಿ ನಿಮ್ಮ ಹೆಸರಿನಲ್ಲೇ ತಿರುಗುತ್ತಿರುತ್ತದೆ. ಮಾರಿದ್ದನ್ನು ಸಾರಿಗೆ ಕಚೇರಿಗೆ ತಿಳಿಸಲು ನಿಮಗೆ ಕಾನೂನು ಕೊಡುವುದು 14 ದಿನ. ಕೊಂಡವರಿಗೆ 30 ದಿನ. ಕೊಳ್ಳುವವರು ಜತ್ತ, ಸೊಲ್ಲಾಪುರದವರೋ ಮೆಹಬೂಬನಗರದವರೋ, ಅಂದರೆ ಬೇರೆ ರಾಜ್ಯದವರು ಆದರೆ ನಿಮಗೆ 45 ದಿನ ಇದೆ, ಜೊತೆಗೆ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರವೂ ಬೇಕು. ಹಳೆಯ ವಾಹನ ವ್ಯಾಪಾರಕ್ಕೆ ಸಾರಿಗೆ ಇಲಾಖೆಯಿಂದ ಅಧಿಕಾರ ಪಡೆದ ಡೀಲರಿಗೆ ಕೊಡುತ್ತಿದ್ದರೆ ಫಾರಂ 29ಸಿ ಇದೆ. 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಗಾಡಿ ಒಪ್ಪಿಸಿದ್ದನ್ನು ದಾಖಲಿಸಿದ ಮೇಲೆ ಹೊಣೆ ಡೀಲರಿನದು. ಅಧಿಕಾರ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಬಾಂಡ್ ಪೇಪರ್ ಮೇಲೆ ಬರೆಸುವ ಪತ್ರ ಆರ್‌ಸಿ ವರ್ಗಾವಣೆಗೆ ಬದಲಿ ಅಲ್ಲ, ಆದರೂ ಬರೆಸಿ. ಅದರಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ದಿನಾಂಕದ ಜೊತೆ ಒಪ್ಪಿಸಿದ ಹೊತ್ತನ್ನೂ ನಮೂದಿಸಿ. ನಿಮ್ಮ ಅಂಗಳದಿಂದ ಹೊರಟ ಗಾಡಿ ಅದೇ ರಾತ್ರಿ ಬೈಕಿಗೆ ಗುದ್ದಿದರೆ ಓಡಿಸುತ್ತಿದ್ದವರು ಯಾರು ಎಂಬ ಪ್ರಶ್ನೆಗೆ ಆ ಒಂದು ಸಾಲೇ ಉತ್ತರ. ಹೆಸರು ಬದಲಾಗುವವರೆಗೆ ಕೊಳ್ಳುವವರಿಂದ ಹತ್ತು ಹದಿನೈದು ಸಾವಿರ ಠೇವಣಿ ಇಟ್ಟುಕೊಂಡು, ಹೊಸ ಆರ್‌ಸಿ ತೋರಿಸಿದ ದಿನ ವಾಪಸ್ ಕೊಡುವ ಉಪಾಯ ನಾನು ಕಂಡ ಮಟ್ಟಿಗೆ ಎಲ್ಲ ಎಚ್ಚರಿಕೆ ಮಾತಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ವಿಮೆ: ಕಡ್ಡಾಯ ಯಾವುದು, ಲೆಕ್ಕಾಚಾರ ಯಾವುದು

ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ಥರ್ಡ್ ಪಾರ್ಟಿ ವಿಮೆ ಬೇಕೇ ಬೇಡವೇ ಎಂಬ ಚರ್ಚೆಗೆ ಜಾಗವೇ ಇಲ್ಲ. ರಸ್ತೆಗೆ ಇಳಿಯುವ ಟ್ರ್ಯಾಕ್ಟರಿಗೆ ಅದು ಕಡ್ಡಾಯ. ಇಲ್ಲದಿದ್ದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಮತ್ತೆ ಸಿಕ್ಕರೆ ದಂಡ 4,000. ದಂಡ ಹೇಗೋ ಕಟ್ಟಬಹುದು. ಸತ್ತವರ ಮನೆಯವರಿಗೆ ನ್ಯಾಯಮಂಡಳಿ ವಿಧಿಸುವ ಲಕ್ಷಗಟ್ಟಲೆ ಪರಿಹಾರ ಹೊಲ ಮಾರಿಸುತ್ತದೆ. ‘ಹೇಗೂ ಮಾರುವ ಗಾಡಿ, ವಿಮೆ ಯಾಕೆ’ ಎಂದು ಆ ವರ್ಷದ ಕಂತು ಬಿಡಬೇಡಿ. ಆರ್‌ಸಿ ಇನ್ನೂ ನಿಮ್ಮ ಹೆಸರಿನಲ್ಲಿರುವ ಆ ನಡುವಿನ ದಿನಗಳಲ್ಲಿ ನಿಮ್ಮನ್ನು ಕಾಯುವುದು ಅದೊಂದೇ.

ಗಾಡಿ ಮಾರಿದಾಗ ಥರ್ಡ್ ಪಾರ್ಟಿ ರಕ್ಷಣೆ ಕೊಂಡವರಿಗೆ ತಾನಾಗಿ ಹೋಗುತ್ತದೆ. ಸ್ವಂತ ಗಾಡಿಯ ಹಾನಿಗೆ ಇರುವ ರಕ್ಷಣೆ ಹಾಗೆ ಹೋಗುವುದಿಲ್ಲ. 14 ದಿನದೊಳಗೆ ಅರ್ಜಿ ಹಾಕಿ ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳುವುದು ಕೊಂಡವರ ಕೆಲಸ. ಕ್ಲೇಮ್ ಮಾಡದ ವರ್ಷಗಳಿಗೆ ನೀವು ಗಳಿಸಿದ ನೋ ಕ್ಲೇಮ್ ಬೋನಸ್ (ಸ್ವಂತ ಹಾನಿಯ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ಮಾತ್ರ ಗಾಡಿಯದಲ್ಲ, ನಿಮ್ಮದು. ಶೇ 20ರಿಂದ ಶುರುವಾಗಿ ಶೇ 50ರವರೆಗೆ ಬೆಳೆಯುವ ಅದನ್ನು ಪತ್ರ ಮಾಡಿಸಿ ಇಟ್ಟುಕೊಂಡರೆ 3 ವರ್ಷದೊಳಗೆ ಕೊಳ್ಳುವ ಮುಂದಿನ ಟ್ರ್ಯಾಕ್ಟರಿಗೆ ಬಳಸಬಹುದು. ಗಾಡಿಯ ಜೊತೆ ಅದನ್ನೂ ಬಿಟ್ಟುಕೊಡುವವರೇ ಹೆಚ್ಚು.

ಇನ್ನು ಸ್ವಂತ ಹಾನಿಯ ವಿಮೆ. ಇಲ್ಲಿ ಪೆನ್ನು ಹಿಡಿಯಬೇಕು. ಕಂಪನಿ ಗಾಡಿಗೆ ಕಟ್ಟುವ ಮೌಲ್ಯಕ್ಕೆ ಐಡಿವಿ ಎನ್ನುತ್ತಾರೆ. 2 ವರ್ಷ ದಾಟಿದರೆ ಬೆಲೆಯಲ್ಲಿ ಶೇ 30, 3 ದಾಟಿದರೆ ಶೇ 40, 4 ದಾಟಿದರೆ ಶೇ 50 ಕಡಿತ. ಅಂದರೆ 8 ಲಕ್ಷದ ಗಾಡಿ ನಾಲ್ಕೂವರೆ ವರ್ಷಕ್ಕೆ ಕಳುವಾದರೆ ಸಿಗುವುದು 4 ಲಕ್ಷ, ಚೆನ್ನಾಗಿ ಸಾಕಿದ ಗಾಡಿಗೆ ಅದಕ್ಕಿಂತ ಹೆಚ್ಚು ಬೆಲೆ ಸಂತೆಯಲ್ಲೇ ಇರಬಹುದು. ಅಪಘಾತದ ರಿಪೇರಿಯಲ್ಲೂ ಟಯರ್, ಬ್ಯಾಟರಿ, ರಬ್ಬರ್ ಭಾಗಗಳಿಗೆ ಅರ್ಧ ಕಡಿತ. 5 ವರ್ಷ ದಾಟಿದ ಗಾಡಿಯ ಲೋಹದ ಭಾಗಗಳಿಗೆ ಶೇ 40. ಗೇರ್ ಮುರಿದದ್ದು, ಕ್ಲಚ್ ಸವೆದದ್ದು ಅಪಘಾತವಲ್ಲ, ಅದಕ್ಕೆ ಏನೂ ಇಲ್ಲ.

ನನ್ನ ಲೆಕ್ಕ ಹೀಗೆ: ಸಾಲ ಇದೆ, ಗಾಡಿ 5 ವರ್ಷದೊಳಗಿನದು, ಇಲ್ಲವೇ ದಿನಾ ಹೆದ್ದಾರಿ ಹತ್ತುತ್ತದೆ ಎಂದಾದರೆ ಪೂರ್ತಿ ವಿಮೆ ಮಾಡಿಸಿ. ಹತ್ತು ವರ್ಷ ಹಳೆಯದು, ಸ್ವಂತ ಹೊಲ ಬಿಟ್ಟು ಹೋಗುವುದಿಲ್ಲ ಎಂದಾದರೆ ಥರ್ಡ್ ಪಾರ್ಟಿ ಸಾಕು. ನಡುವಿನವರು ಥರ್ಡ್ ಪಾರ್ಟಿಯ ಜೊತೆ ಬೆಂಕಿ ಮತ್ತು ಕಳವಿಗೆ ಮಾತ್ರ ರಕ್ಷಣೆ ಕೊಡುತ್ತೀರಾ ಎಂದು ಕೇಳಿ ನೋಡಿ. ಮೇವು ಹೇರಿಕೊಂಡು ಜೋತುಬಿದ್ದ ವಿದ್ಯುತ್ ತಂತಿಯ ಕೆಳಗೆ ಹಾಯುವ ಊರುಗಳಲ್ಲಿ ಬೆಂಕಿ ದೂರದ ಮಾತಲ್ಲ.

ಯಾವ ಪಾಲಿಸಿಯಾದರೂ ‘ಬಳಕೆಯ ಮಿತಿ’ ಎಂಬ ಸಾಲನ್ನು ಓದಿ. ಕೃಷಿ ಬಳಕೆಗೆ ಮಾತ್ರ ಎಂದಿದ್ದರೆ ಇಟ್ಟಿಗೆ, ಮರಳು ಬಾಡಿಗೆಗೆ ಹೊಡೆದಾಗ ಕಂಪನಿ ಕೈಯೆತ್ತುತ್ತದೆ. ಮಡ್‌ಗಾರ್ಡ್ ಮೇಲೆ ಕೂತವರು, ಟ್ರೇಲರಿನಲ್ಲಿ ಜಾತ್ರೆಗೆ ಹೊರಟವರು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ ಎಂದೇ ತಿಳಿಯಿರಿ. ಟ್ರೇಲರ್ ನಂಬರ್ ಪಾಲಿಸಿಯಲ್ಲಿ ಇದೆಯೇ ನೋಡಿ. ಜೊತೆಗೆ ಬರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಆರ್‌ಸಿ ಅಪ್ಪನದು, ಓಡಿಸುವುದು ಮಗ ಎಂಬ ಮನೆಗಳೇ ನಮ್ಮಲ್ಲಿ ಹೆಚ್ಚು. ಅಂಥವರು ಮಗನಿಗೂ ರಕ್ಷಣೆ ಸೇರಿಸಬಹುದೇ ಎಂದು ಕೇಳಿ, ಇಲ್ಲವೇ ಆರ್‌ಸಿಯನ್ನೇ ಮಗನ ಹೆಸರಿಗೆ ಮಾಡಿಸಿ.

ರೋಟಾವೇಟರ್, ಕೂರಿಗೆ, ಮೋಟಾರು

ಪ್ರಧಾನ ಮಂತ್ರಿ ಫಸಲ್ ಬಿಮಾ ಬೆಳೆಗೆ ಇರುವುದು, ಯಂತ್ರಕ್ಕಲ್ಲ. ರೋಟಾವೇಟರ್, ಕಲ್ಟಿವೇಟರ್, ಕೂರಿಗೆಗೆ ವಿಮೆ ಕಡ್ಡಾಯವಲ್ಲ. ನನ್ನ ಮಟ್ಟಿಗೆ ಬೇಕಾಗಿಯೂ ಇಲ್ಲ. ಸವೆಯುವ ಬ್ಲೇಡಿಗೆ ಯಾರೂ ಪರಿಹಾರ ಕೊಡುವುದಿಲ್ಲ, ಕಬ್ಬಿಣದ ಚೌಕಟ್ಟು ಸುಲಭಕ್ಕೆ ಸುಡುವುದಿಲ್ಲ. ಬಾಡಿಗೆಗೆ ಊರೂರು ತಿರುಗುವ ಕಟಾವು ಯಂತ್ರದ ಮಾತು ಬೇರೆ, ಅದನ್ನು ವಿಮೆ ಇಲ್ಲದೆ ಬಿಡುವುದು ಜೂಜು. ಪಂಪ್‌ಸೆಟ್‌ಗೆ ಸರ್ಕಾರಿ ವಿಮಾ ಕಂಪನಿಗಳ ಪ್ರತ್ಯೇಕ ಪಾಲಿಸಿ ಇದ್ದು, ಮೋಟಾರು ಸುಟ್ಟರೂ ಪರಿಹಾರ ಸಿಗುವ ಅವಕಾಶ ಅದರಲ್ಲಿದೆ. ವೋಲ್ಟೇಜ್ ಏರಿಳಿಯುವ ಊರಿನವರು ವಿಚಾರಿಸಿ.

ಉಪಕರಣಗಳಿಗೆ ಇರುವ ದೊಡ್ಡ ಭಯ ಕಳವು. ಬಿಲ್ಲನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಇಡಿ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ ಚೌಕಟ್ಟಿನ ಒಳಬದಿಗೆ ವೆಲ್ಡಿಂಗ್‌ನಲ್ಲಿ ನಿಮ್ಮ ಹೆಸರಿನ ಎರಡಕ್ಷರ, ಊರಿನ ಒಂದಕ್ಷರ ಬರೆಸಿಬಿಡಿ. ಮಾರುವ ದಿನ ಬಂದರೆ, ಆ ಅಕ್ಷರ ಯಾರದು ಎಂಬುದನ್ನೂ ಬಾಂಡ್ ಪೇಪರಿನಲ್ಲಿ ಬರೆಯಿರಿ.