ಏರು ಮಡಿ, ಹನಿ ನೀರು: ದಸರೆವರೆಗೆ ಉಳಿಯುವ ಉಳ್ಳಾಗಡ್ಡಿ ಬೆಳೆಯುವುದು ಹೇಗೆ?

ಏಪ್ರಿಲ್‌, ಮೇ ತಿಂಗಳಲ್ಲಿ ಪುಣೆ ಹತ್ತಿರದ ಚಾಕಣ ಪೇಟೆಗೆ ಹಿಂಗಾರಿನ ಉಳ್ಳಾಗಡ್ಡಿ ಒಮ್ಮೆಲೇ ಬಂದು ಬೀಳುತ್ತದೆ, ದರ ಕುಸಿಯುತ್ತದೆ. ತಡೆದು ಮಾರೋಣವೆಂದು ಚಾಳಿನಲ್ಲಿ, ಅಂದರೆ ಗಾಳಿಯಾಡುವ ಉಗ್ರಾಣದಲ್ಲಿ, ತುಂಬಿಟ್ಟವರಿಗೆ ಜುಲೈ ಹೊತ್ತಿಗೆ ಕೊಳೆತ ವಾಸನೆ ಬಡಿಯುತ್ತದೆ. ಬೈಗುಳ ಬೀಳುವುದು ಮಳೆಗೆ, ಇಲ್ಲವೇ ಚಾಳು ಕಟ್ಟಿದವನಿಗೆ. ಆದರೆ ಆ ಗಡ್ಡೆಯ ಹಣೆಬರಹ ಬಹಳ ಸಲ ಹೊಲದಲ್ಲೇ ಬರೆದಾಗಿರುತ್ತದೆ: ತಡವಾಗಿ ಹಾಕಿದ ಯೂರಿಯಾ, ಕೀಳುವ ಮುನ್ನಾ ವಾರವೂ ಬಿಟ್ಟ ನೀರು.

ಖೇಡ, ಜುನ್ನರ, ಶಿರೂರು ಕಡೆ ಪಾಲಿಗೆ ಹೊಲ ಮಾಡುವ ನಮ್ಮವರು ಪುಣೆಯ ಸುತ್ತ ಸಾಕಷ್ಟಿದ್ದಾರೆ. ಪಿಂಪ್ರಿ, ಹಡಪಸರದಲ್ಲಿ ನೌಕರಿ ಮಾಡುತ್ತ ವಿಜಯಪುರ, ಬಾಗಲಕೋಟೆಯ ಹೊಲವನ್ನು ಫೋನಿನಲ್ಲೇ ನೋಡಿಕೊಳ್ಳುವವರೂ ಇದ್ದಾರೆ. ಇಬ್ಬರಿಗೂ ಹತ್ತಿರದ ಆಸರೆ ಎಂದರೆ ರಾಜಗುರುನಗರದ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯ. 1994ರಲ್ಲಿ ನಾಶಿಕದಲ್ಲಿ ಶುರುವಾದ ಈ ಕೇಂದ್ರ 1998ರಲ್ಲಿ ಪುಣೆ–ನಾಶಿಕ ರಸ್ತೆಯ ರಾಜಗುರುನಗರಕ್ಕೆ ಬಂತು. ಅಗಲವಾದ ಏರು ಮಡಿಯ ಮೇಲೆ ಎರಡು ಡ್ರಿಪ್ ಸಾಲು ಎಳೆಯುವ ಪದ್ಧತಿಯನ್ನು ಪರೀಕ್ಷಿಸಿ ರೈತರಿಗೆ ಶಿಫಾರಸು ಮಾಡಿದ್ದು ಇದೇ ಸಂಸ್ಥೆ. ಹಾಯಿನೀರಿಗೆ ಹೋಲಿಸಿದರೆ ನೀರಿನಲ್ಲಿ ಶೇ 35–40ರಷ್ಟು ಉಳಿತಾಯ, ಮಾರಾಟಕ್ಕೆ ಬರುವ ಗಡ್ಡೆಯಲ್ಲಿ ಶೇ 15–25ರಷ್ಟು ಹೆಚ್ಚಳ ಎಂಬುದು ಅಲ್ಲಿಯ ಲೆಕ್ಕ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಇಲ್ಲಿ ಹೇಳುವುದು ಹಿಂಗಾರಿನ ಬೆಳೆಗೆ ಮಾತ್ರ. ಮುಂಗಾರಿನ ಗಡ್ಡೆಯನ್ನು ಎಷ್ಟೇ ಜೋಪಾನ ಮಾಡಿದರೂ ತಿಂಗಳುಗಟ್ಟಲೆ ಇಡಲಾಗದು.

ತಳಿ ಮತ್ತು ಅಗಿ (ಸಸಿ)

ಇಡುವ ಗಡ್ಡೆಗೆ ಭೀಮಾ ಕಿರಣ್ ಅಥವಾ ಭೀಮಾ ಶಕ್ತಿ ಆರಿಸಿ. ಎರಡೂ ರಾಜಗುರುನಗರದ ತಳಿಗಳೇ, ನಾಟಿ ಮಾಡಿ ಸುಮಾರು 130 ದಿನಕ್ಕೆ ಬಲಿಯುತ್ತವೆ. ಕಿರಣ್ ಐದಾರು ತಿಂಗಳು ತಾಳುವ ತಳಿ. ಅಂಗಡಿಯಲ್ಲಿ ಉಳಿದ ಮುಂಗಾರಿನ ಬೀಜ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ.

ಎಕರೆಗೆ 2ರಿಂದ 3 ಕಿಲೊ ಬೀಜ, 2 ಗುಂಟೆ ಸಸಿ ಮಡಿ ಸಾಕು. ಮಡಿ ಒಂದು ಮೀಟರ್ ಅಗಲ, 10–15 ಸೆಂ.ಮೀ. ಎತ್ತರ ಇರಲಿ. 2 ಗುಂಟೆಗೆ 200 ಕಿಲೊ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಕ್ಕೆ ಅರ್ಧ ಕಿಲೊ ಟ್ರೈಕೋಡರ್ಮಾ (ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿ ಹಾಕಿ. ಬೀಜಕ್ಕೆ ಕಿಲೊಗೆ 2 ಗ್ರಾಂ ಥೈರಮ್ ಲೇಪಿಸಿ, 5ರಿಂದ 7 ಸೆಂ.ಮೀ. ಅಂತರದ ಗೆರೆಗಳಲ್ಲಿ ಒಂದು ಸೆಂ.ಮೀ. ಆಳಕ್ಕೆ ಬಿತ್ತಿ. ಚೆಲ್ಲಿ ಬಿತ್ತಿದರೆ ಅಗಿ ದಟ್ಟವಾಗಿ ಬುಡ ಕೊಳೆಯುತ್ತದೆ, ಕಳೆ ಕೀಳಲೂ ಆಗುವುದಿಲ್ಲ.

ಅಕ್ಟೋಬರ್ ಕೊನೆಗೆ ಅಥವಾ ನವೆಂಬರ್ ಆರಂಭಕ್ಕೆ ಬಿತ್ತಿದರೆ ಡಿಸೆಂಬರ್ ಮಧ್ಯಕ್ಕೆ 45–50 ದಿನದ ಅಗಿ ಸಿಗುತ್ತದೆ. ಈ ವಯಸ್ಸು ಮೀರಿದ ಅಗಿ ಹಚ್ಚಿದರೆ ಹೂದಂಟು ಏಳುವುದು ಹೆಚ್ಚು. ಇಲ್ಲಿಯ ರೈತರು ‘ಡೇಂಗಳೆ’ ಎನ್ನುವುದು ಇದನ್ನೇ. ದಂಟು ಎದ್ದ ಗಡ್ಡೆಯ ನಡುವೆ ಗಟ್ಟಿ ಕಾಂಡ ಇರುವುದರಿಂದ ಅದು ಒಳಗಿನಿಂದಲೇ ಕೊಳೆಯುತ್ತದೆ. ನಾಟಿ ಜನವರಿ ಮೊದಲ ವಾರ ದಾಟಿದರೆ ಗಡ್ಡೆ ದಪ್ಪವಾಗುವ ಮೊದಲೇ ಬಿಸಿಲು ಏರಿ, ಸಣ್ಣದಾಗೇ ಬಲಿತುಬಿಡುತ್ತದೆ.

ಮಡಿ ಮತ್ತು ಪೈಪು

ಮರಾಠಿಯಲ್ಲಿ ‘ಗಾದಿವಾಫಾ’ ಎನ್ನುವ ಏರು ಮಡಿ ಮಾಡಿ: ಮೇಲೆ 120 ಸೆಂ.ಮೀ. ಅಗಲ, 15 ಸೆಂ.ಮೀ. ಎತ್ತರ, ಎರಡು ಮಡಿಗಳ ನಡುವೆ 45 ಸೆಂ.ಮೀ. ಕಾಲುವೆ. ಮಡಿಯ ಮೇಲೆ 16 ಮಿ.ಮೀ.ನ ಎರಡು ಲ್ಯಾಟರಲ್‌ಗಳನ್ನು, ಅಂದರೆ ನೀರು ಹನಿಸುವ ಪೈಪುಗಳನ್ನು, 60 ಸೆಂ.ಮೀ. ಅಂತರದಲ್ಲಿ ಎಳೆಯಿರಿ. ಒಳಗೇ ಕೂಡಿಸಿದ ಡ್ರಿಪ್ಪರ್ ಇರುವ ಪೈಪು ಬೇಕು. ಡ್ರಿಪ್ಪರ್‌ಗಳ ನಡುವೆ 30–50 ಸೆಂ.ಮೀ. ಅಂತರ, ಒಂದೊಂದಕ್ಕೂ ಗಂಟೆಗೆ 4 ಲೀಟರ್. ಕಪ್ಪು ಮಣ್ಣಿನಲ್ಲಿ ನೀರು ಅಡ್ಡಕ್ಕೆ ಹರಡುವುದರಿಂದ 50 ಸೆಂ.ಮೀ. ನಡೆಯುತ್ತದೆ. ಮುರುಮು, ಮರಳು ಮಣ್ಣಾದರೆ ನೀರು ನೇರ ಕೆಳಗಿಳಿದು ಅಂಚಿನ ಸಾಲುಗಳು ಒಣಗುತ್ತವೆ. ಅಲ್ಲಿ 30ರದ್ದೇ ಕೊಳ್ಳಿ.

ಇನ್ನು ಲೆಕ್ಕ. ಅಂಗಡಿಯವನು ಹೇಳುವ ಮೊದಲು ನೀವೇ ಹಾಕಿಕೊಳ್ಳಿ. ಮಡಿ ಮತ್ತು ಕಾಲುವೆ ಸೇರಿ 1.65 ಮೀಟರ್. ಎಕರೆ ಎಂದರೆ 4,047 ಚದರ ಮೀಟರ್. ಅಂದರೆ ಎಕರೆಗೆ ಸುಮಾರು 2,450 ಮೀಟರ್ ಮಡಿ, 4,900 ಮೀಟರ್ ಲ್ಯಾಟರಲ್. 50 ಸೆಂ.ಮೀ. ಅಂತರವಾದರೆ 9,800 ಡ್ರಿಪ್ಪರ್, ಗಂಟೆಗೆ 39,000 ಲೀಟರ್. ಇಷ್ಟು ನೀರು ಎತ್ತುವ ಶಕ್ತಿ ಪಂಪಿಗೆ ಇಲ್ಲದಿದ್ದರೆ ಎಕರೆಯನ್ನು ಎರಡೋ ಮೂರೋ ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆ ವಾಲ್ವ್ ಕೂಡಿಸಲೇಬೇಕು. ಭಾಗ ಮಾಡದೆ ಒಮ್ಮೆಲೇ ಬಿಟ್ಟರೆ ಒತ್ತಡ ಸಾಲದೆ ಮಡಿಯ ಕೊನೆ ಒಣಗಿರುತ್ತದೆ, ಮೊದಲ ತುದಿ ಕೆಸರಾಗಿರುತ್ತದೆ.

ಪರೀಕ್ಷೆ ಸುಲಭ. ಮೊದಲ ಡ್ರಿಪ್ಪರ್ ಮತ್ತು ಕೊನೆಯ ಡ್ರಿಪ್ಪರ್ ಕೆಳಗೆ ಒಂದೊಂದು ನಿಮಿಷ ಲೋಟ ಹಿಡಿದು ಅಳೆಯಿರಿ. 67 ಮಿಲಿ ಲೀಟರ್ ಆಸುಪಾಸು ಬರಬೇಕು. ಎರಡರ ನಡುವೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಫಿಲ್ಟರ್ ಕಟ್ಟಿದೆ, ಒತ್ತಡ ಬಿದ್ದಿದೆ, ಇಲ್ಲವೇ ಡ್ರಿಪ್ಪರ್‌ನಲ್ಲಿ ಉಪ್ಪು ಕೂತಿದೆ ಎಂದೇ ಅರ್ಥ. ಹದಿನೈದು ದಿನಕ್ಕೊಮ್ಮೆ ಪ್ರತಿ ಲ್ಯಾಟರಲ್‌ನ ತುದಿ ಬಿಚ್ಚಿ, ನೀರು ತಿಳಿಯಾಗುವವರೆಗೆ ಹರಿಯಬಿಡಿ.

ನಾಟಿ, ಮೂಲಗೊಬ್ಬರ

ನಿರ್ದೇಶನಾಲಯದ ಶಿಫಾರಸು ಹೆಕ್ಟೇರಿಗೆ ಸಾರಜನಕ 110, ರಂಜಕ 40, ಪೊಟ್ಯಾಷ್ 60 ಕಿಲೊ. ಎಕರೆಗೆ ಇಳಿಸಿದರೆ 44, 16, 24. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರಂತೆ ಹೆಚ್ಚುಕಡಿಮೆ ಮಾಡಿ. ನಾಟಿಯ ಹೊತ್ತಿಗೆ ರಂಜಕ, ಪೊಟ್ಯಾಷ್ ಪೂರ್ತಿ ಮತ್ತು ಸಾರಜನಕದ ಮೂರನೇ ಒಂದು ಪಾಲು ಹಾಕಬೇಕು: ಸಿಂಗಲ್ ಸೂಪರ್ ಫಾಸ್ಫೇಟ್ 100 ಕಿಲೊ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 40 ಕಿಲೊ, ಯೂರಿಯಾ 32 ಕಿಲೊ. ಸೂಪರ್ ಫಾಸ್ಫೇಟ್ ಬದಲು ಡಿಎಪಿ ಹಾಕುವ ಚಾಳಿ ಈಗ ಎಲ್ಲೆಡೆ ಇದೆ. ಆದರೆ ಸೂಪರ್ ಫಾಸ್ಫೇಟ್‌ನಲ್ಲಿ ಶೇ 11ರಷ್ಟು ಗಂಧಕ ಇದೆ, ಡಿಎಪಿಯಲ್ಲಿ ಇಲ್ಲ. ಉಳ್ಳಾಗಡ್ಡಿಯ ಘಾಟು ಬರುವುದೇ ಗಂಧಕದಿಂದ.

ಅಗಿಯ ಎಲೆಯನ್ನು ಮೂರನೇ ಒಂದು ಭಾಗ ಕತ್ತರಿಸಿ, ಬೇರನ್ನು ಲೀಟರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ನೀರಿನಲ್ಲಿ ಎರಡು ಗಂಟೆ ಅದ್ದಿಡಿ. ಮಡಿಯನ್ನು ಮೊದಲೇ ತೋಯಿಸಿ, 15 ಸೆಂ.ಮೀ. ಸಾಲು, 10 ಸೆಂ.ಮೀ. ಅಂತರಕ್ಕೆ ಹಚ್ಚಿ. ಮಡಿಗೆ ಎಂಟು ಸಾಲು ಬರುತ್ತವೆ, ಒಂದೊಂದು ಲ್ಯಾಟರಲ್‌ಗೆ ನಾಲ್ಕು ಸಾಲು. ಗುತ್ತಿಗೆಗೆ ಬಂದ ಆಳುಗಳು ಬೇಗ ಮುಗಿಸಲು ಅಗಿಯನ್ನು ಬೆರಳಿನಿಂದ ಆಳಕ್ಕೆ ತಳ್ಳುತ್ತಾರೆ. ಹಾಗೆ ಮಾಡಿದರೆ ಗಡ್ಡೆ ಉದ್ದವಾಗಿ, ಕತ್ತು ದಪ್ಪವಾಗಿ ಬರುತ್ತದೆ. ಹತ್ತಿರ ನಿಂತು ನಾಟಿ ಮಾಡಿಸಿ.

ಕಳೆಗೆ ನಾಟಿಯ ವೇಳೆಗೆ ಲೀಟರಿಗೆ 1.5ರಿಂದ 2 ಮಿಲಿ ಆಕ್ಸಿಫ್ಲೋರ್ಫೆನ್ ಸಿಂಪಡಿಸಿ, 40–60 ದಿನದ ನಡುವೆ ಒಮ್ಮೆ ಕೈಯಿಂದ ಕೀಳಿಸಿ.

ನೀರು ಎಷ್ಟು ಹೊತ್ತು?

ಉಳ್ಳಾಗಡ್ಡಿಯ ಬೇರು ಮೇಲ್ಪದರದಲ್ಲೇ ಇರುತ್ತದೆ. ವಾರಕ್ಕೊಮ್ಮೆ ಹೊಲ ತುಂಬಿಸುವುದು ಅದಕ್ಕೆ ಒಗ್ಗದು, ಸ್ವಲ್ಪ ಸ್ವಲ್ಪ ದಿನವೂ ಸಿಗಬೇಕು. ಮೇಲಿನ ಜೋಡಣೆಯಲ್ಲಿ ಗಂಟೆಗೆ ಬೀಳುವ ನೀರು 9.7 ಮಿ.ಮೀ. ಬೆಳೆಗೆ ದಿನಕ್ಕೆ 3 ಮಿ.ಮೀ. ಬೇಕಾದ ಡಿಸೆಂಬರ್‌ನಲ್ಲಿ 18–19 ನಿಮಿಷ ಸಾಕು. ಬಿಸಿಲೇರಿ 6 ಮಿ.ಮೀ. ಬೇಕಾದಾಗ 37 ನಿಮಿಷ. ‘ಎರಡು ತಾಸು ಓಡಲಿ’ ಎಂದು ಬಿಟ್ಟು ಹೋದರೆ ಸಾರಜನಕವೆಲ್ಲ ಬೇರಿನ ಕೆಳಗೆ ಇಳಿದುಹೋಗುತ್ತದೆ. ಹೆಚ್ಚಿನವರು ಡ್ರಿಪ್ ಹಾಕಿಯೂ ಸೋಲುವುದು ಇಲ್ಲೇ.

ಉಳಿದ ಸಾರಜನಕವನ್ನು ನಾಟಿಯಾದ ಹತ್ತನೇ ದಿನದಿಂದ ಹತ್ತು ದಿನಕ್ಕೊಮ್ಮೆ, ಆರು ಕಂತಿನಲ್ಲಿ ಡ್ರಿಪ್ಪಿನಲ್ಲೇ ಕೊಡಿ. ಕಂತಿಗೆ ಎಕರೆಗೆ ಹತ್ತೂವರೆ ಕಿಲೊ ಯೂರಿಯಾ. ಆ ದಿನ ಅರ್ಧ ಗಂಟೆ ನೀರು ಬಿಡಿ: ಮೊದಲ 10 ನಿಮಿಷ ಬರೀ ನೀರು, ನಡುವಿನ 10 ನಿಮಿಷ ಗೊಬ್ಬರ, ಕೊನೆಯ 10 ನಿಮಿಷ ಮತ್ತೆ ಬರೀ ನೀರು. ಗೊಬ್ಬರದ ನೀರನ್ನು ಪೈಪಿಗೆ ಎಳೆಯುವ ವೆಂಚುರಿ 10 ನಿಮಿಷಕ್ಕೆ ಎಷ್ಟು ಎಳೆಯುತ್ತದೆಂದು ಮೊದಲು ಬರೀ ನೀರಿನಲ್ಲಿ ಅಳೆದು, ಅಷ್ಟರಲ್ಲೇ ಆ ಭಾಗದ ಯೂರಿಯಾ ಕರಗಿಸಿ. ಕೊನೆಯ ಹತ್ತು ನಿಮಿಷ ತಪ್ಪಿಸಿದರೆ ಪೈಪಿನಲ್ಲಿ ಗೊಬ್ಬರ ನಿಂತು ಪಾಚಿ ಕಟ್ಟುತ್ತದೆ.

60 ದಿನದ ನಂತರ ಒಂದು ಹಿಡಿ ಯೂರಿಯಾವೂ ಬೇಡ. ಎಲೆ ಸ್ವಲ್ಪ ಮಂಕಾದರೆ ಕೈ ತಡೆಯುವುದಿಲ್ಲ, ಪಕ್ಕದ ಹೊಲದವರೂ ಹಾಕು ಎನ್ನುತ್ತಾರೆ. ಆಗ ಹಾಕಿದ ಸಾರಜನಕ ಎಲೆ ಬೆಳೆಸುತ್ತದೆ, ಕತ್ತು ದಪ್ಪ ಮಾಡುತ್ತದೆ. ದಪ್ಪ ಕತ್ತು ಪೂರ್ತಿ ಒಣಗಿ ಮುಚ್ಚಿಕೊಳ್ಳುವುದಿಲ್ಲ, ಚಾಳಿನಲ್ಲಿ ರೋಗ ಒಳಹೊಗುವ ಬಾಗಿಲು ಅದೇ.

ಜನವರಿಯಿಂದ ರಸ ಹೀರುವ ಸಣ್ಣ ಕೀಟ ಥ್ರಿಪ್ಸ್‌ನ ಕಾಟ. ಅಂಗಡಿಯಲ್ಲಿ ‘ಫುಲಕಿಡೆ’ ಎಂದು ಕೇಳಿ. ಸುಳಿಯನ್ನು ಬಿಡಿಸಿ ಎಣಿಸಿ, ಗಿಡಕ್ಕೆ 30ರ ಹತ್ತಿರ ಬಂದಾಗ ಮಾತ್ರ ಲೀಟರಿಗೆ 1 ಮಿಲಿ ಪ್ರೊಫೆನೋಫಾಸ್ ಅಥವಾ ಫಿಪ್ರೊನಿಲ್ ಸಿಂಪಡಿಸಿ, ಮುಂದಿನ ಸಲ ಔಷಧ ಬದಲಿಸಿ. ‘ಕರಪಾ’ ಅಂದರೆ ಎಲೆ ಸುಡುವ ರೋಗಕ್ಕೆ ಲೀಟರಿಗೆ ಮ್ಯಾಂಕೋಜೆಬ್ 2.5 ಗ್ರಾಂ. ಎಲೆಯ ಮೇಲೆ ಮೇಣವಿರುವುದರಿಂದ ಅಂಟು ದ್ರಾವಣ ಬೆರೆಸದ ಸಿಂಪಡಣೆ ಜಾರಿ ನೆಲ ಸೇರುತ್ತದೆ.

ನೀರು ನಿಲ್ಲಿಸುವುದು, ಕೀಳುವುದು, ಒಣಗಿಸುವುದು

ಕೀಳುವ 10–15 ದಿನ ಮೊದಲು ವಾಲ್ವ್ ಮುಚ್ಚಿ. ಅರ್ಧದಷ್ಟು ಗಿಡಗಳ ಕತ್ತು ತಾನಾಗಿ ಬಾಗಿ ಎಲೆ ನೆಲಕ್ಕೆ ಬಿದ್ದಾಗ ಕೀಳಿ. ಡ್ರಮ್ ಉರುಳಿಸಿ ಬಲವಂತವಾಗಿ ಬೀಳಿಸಿದರೆ ಗಡ್ಡೆ ಬಲಿತಂತಾಗುವುದಿಲ್ಲ.

ಕಿತ್ತ ಗಡ್ಡೆಯನ್ನು ಎಲೆ ಸಮೇತ ಹೊಲದಲ್ಲೇ ಮೂರು ದಿನ ಸಾಲಾಗಿ ಹರಡಿ. ಒಂದು ಸಾಲಿನ ಎಲೆ ಮತ್ತೊಂದು ಸಾಲಿನ ಗಡ್ಡೆಯನ್ನು ಮುಚ್ಚಬೇಕು, ಇಲ್ಲದಿದ್ದರೆ ಏಪ್ರಿಲ್ ಬಿಸಿಲು ಗಡ್ಡೆಯನ್ನೇ ಬೇಯಿಸುತ್ತದೆ. ಬಳಿಕ 2.5 ಸೆಂ.ಮೀ. ಕತ್ತು ಬಿಟ್ಟು ಕತ್ತರಿಸಿ. ಕತ್ತನ್ನು ಬುಡಕ್ಕೇ ಸವರಿದ ಗಡ್ಡೆ ತೆರೆದ ಗಾಯವಿದ್ದಂತೆ. ನಂತರ ನೆರಳಲ್ಲಿ 10–12 ದಿನ. ಜೋಡಿ ಗಡ್ಡೆ, ದಪ್ಪ ಕತ್ತಿನದು, ಪೆಟ್ಟು ಬಿದ್ದದ್ದು, ಡೇಂಗಳೆ ಎಲ್ಲವನ್ನೂ ಆರಿಸಿ ಅದೇ ವಾರ ಮಾರಿಬಿಡಿ.

ಚಾಳಿನ ತಳ ನೆಲದಿಂದ ಎರಡಡಿ ಮೇಲಿರಲಿ, ಕೆಳಗಿನಿಂದಲೂ ಬದಿಯಿಂದಲೂ ಗಾಳಿ ಆಡಲಿ. ರಾಶಿಯ ಅಗಲ 4 ಅಡಿ, ಎತ್ತರ 5 ಅಡಿ ಮೀರದಿರಲಿ. ಮೀರಿದರೆ ನಡುವಿನ ಬಿಸಿ ಹೊರಬರುವುದಿಲ್ಲ. 25–30 ಡಿಗ್ರಿ ಉಷ್ಣತೆ, ಶೇ 65–70 ತೇವ ಗಡ್ಡೆಗೆ ಹಿತ. ಜೂನ್, ಜುಲೈ ತೇವದಲ್ಲಿ ಕೊಳೆ ಮತ್ತು ಕಪ್ಪು ಬೂಸ್ಟು, ಅಕ್ಟೋಬರ್‌ನ ತಂಪಿಗೆ ಮೊಳಕೆ. ನಾಶಿಕ ಜಿಲ್ಲೆಯ ಲಾಸಲಗಾಂವದ ಕೃಷಕ್ ಕೇಂದ್ರದಲ್ಲಿ ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ವಿಕಿರಣ ಚಿಕಿತ್ಸೆ ಇದೆ. ಅದು ತಡೆಯುವುದು ಮೊಳಕೆಯನ್ನು, ಕೊಳೆಯನ್ನಲ್ಲ. ಅದೂ ಕಿತ್ತ ಹೊಸದರಲ್ಲೇ ಕೊಡಿಸಬೇಕು. ಅದಿಲ್ಲದೆ ಇಟ್ಟವರು ಸೆಪ್ಟೆಂಬರ್ ಕೊನೆಯಿಂದ ವಾರಕ್ಕೊಮ್ಮೆ ರಾಶಿಯ ಬೇರೆ ಬೇರೆ ಕಡೆಯಿಂದ ಹತ್ತು ಗಡ್ಡೆ ತೆಗೆದು ಉದ್ದಕ್ಕೆ ಸೀಳಿ ನೋಡಿ. ನಡುವಿನ ಮೊಗ್ಗು ಹಸಿರಾಗಿ ಕತ್ತಿನತ್ತ ಏರಿದ್ದು ಎರಡು ಮೂರರಲ್ಲಿ ಕಂಡರೆ, ಆ ವಾರವೇ ಗಾಡಿ ಚಾಕಣಕ್ಕೆ ಹೊರಡಲಿ.