ಚಂದ್ರಶಿಲಾ ಟ್ರೆಕ್‌ಗೆ ಹೋದಾಗ ಗಿಡಗಳು ಮೇಲಕ್ಕೆ ಹತ್ತೋದನ್ನ ದಾಖಲೆ ಮಾಡೋದು ಹೇಗೆ

ಉತ್ತರಾಖಂಡದ ಚೋಪ್ತಾ, ತುಂಗನಾಥ, ಚಂದ್ರಶಿಲಾ ಅಂತ ಬೆಂಗಳೂರಿಂದ ಟ್ರೆಕ್ ಹೋಗೋರಿಗೇನೂ ಬರ ಇಲ್ಲ, ಹೋದೋರೆಲ್ಲ ತುದೀಲಿ ನಿಂತು ಸೆಲ್ಫಿ ಹೊಡ್ಕೊಂಡು ಬರ್ತಾರೆ, ಮೊದಲ ಸಲ ನಾನೂ ಮಾಡಿದ್ದು ಅದನ್ನೇ. ಮನೆಗ್ ಬಂದು ನೋಡಿದ್ರೆ ನನ್ನ ಮುಖದ ಹಿಂದೆ ಯಾವುದೋ ಕೆಂಪು ಹೂವು, ಅದು ಎಲ್ಲಿ ಬೆಳೆದಿತ್ತು ಅಂತ ಹೇಳೋಕೆ ಏನೂ ಇಲ್ಲ, ಫೋನಲ್ಲಿ ಲೊಕೇಶನ್ ಬೇರೆ ಆಫ್ ಇತ್ತು.

ಗಿಡ ಎಲ್ಲಿ ಬೆಳೆದಿತ್ತು ಅಂತ ಯಾಕೆ ಇಷ್ಟೊಂದು ತಲೆ ಕೆಡಿಸ್ಕೋಬೇಕು ಅಂದ್ರೆ, ಬೆಟ್ಟದಲ್ಲಿ 100 ಮೀಟರ್ ಹತ್ತಿದ್ರೆ ಸುಮಾರು 0.6 ಡಿಗ್ರಿ ತಂಪಾಗುತ್ತೆ. ಅಂದ್ರೆ ಭೂಮಿ 1 ಡಿಗ್ರಿ ಬಿಸಿ ಆದ್ರೆ ಗಿಡಕ್ಕೆ ಹಳೇ ಚಳಿ ಸಿಗಬೇಕು ಅಂದ್ರೆ ಹೆಚ್ಚುಕಮ್ಮಿ 170 ಮೀಟರ್ ಮೇಲೆ ಹೋಗ್ಬೇಕು. ಗಿಡಕ್ಕೆ ಕಾಲಿಲ್ಲ, ಬೀಜಕ್ಕೆ ಗಾಳಿ ಇದೆ. ಮೊದಲು ಮೇಲೆ ಬಿದ್ದ ಬೀಜ ಚಳಿಗೆ ಸಾಯ್ತಿತ್ತು, ಈಗ ಹಿಮ ಬೇಗ ಕರಗಿ ಬೆಳೆಯೋಕೆ ದಿನ ಜಾಸ್ತಿ ಸಿಗೋದ್ರಿಂದ ಬದುಕ್ಕೊಳ್ಳುತ್ತೆ. ತೊಂದ್ರೆ ಇರೋದು ಈಗಾಗ್ಲೇ ತುದೀಲಿರೋ ಗಿಡಗಳಿಗೆ, ಕೆಳಗಿನ ಹುಲ್ಲು ಪೊದೆ ಬಂದು ನೆರಳು ಹಾಕುತ್ತೆ, ಇವಕ್ಕೆ ಮೇಲೆ ಹೋಗೋಕೆ ಆಕಾಶ ಬಿಟ್ರೆ ಏನಿದೆ?

ಸ್ವಿಟ್ಜರ್ಲೆಂಡಲ್ಲಿ ಪಿಜ್ ಲಿನಾರ್ಡ್ ಅಂತ 3410 ಮೀಟರ್ ಬೆಟ್ಟ ಇದೆ. 1835ರಲ್ಲಿ ಓಸ್ವಾಲ್ಡ್ ಹೀರ್ ಅನ್ನೋ ಸಸ್ಯ ವಿಜ್ಞಾನಿ ಅದನ್ನ ಹತ್ತಿ ತುದೀಲಿ ಒಂದೇ ಒಂದು ಜಾತಿ ಗಿಡ ಇದೆ, ಆಂಡ್ರೋಸೇಸ್ ಆಲ್ಪೈನಾ, ಅಂತ ಬರೆದಿಟ್ಟ. 2011ರಲ್ಲಿ ಅಲ್ಲೇ ಎಣಿಸಿದಾಗ 16 ಜಾತಿ ಇತ್ತು. ಆವತ್ತು ಅವನು ಬರೆದಿಡದೇ ಇದ್ದಿದ್ರೆ ಈ 16ನ್ನ ಯಾವುದರ ಜೊತೆ ಹೋಲಿಸ್ತಿದ್ರು ಹೇಳಿ. ನಾವು ಮಾಡ್ಬೇಕಾಗಿರೋದೂ ಇಷ್ಟೇ, ಮುಂದೆ ಬರೋನು ಅದೇ ಜಾಗಕ್ಕೆ ವಾಪಸ್ ಬರೋ ಹಾಗೆ ಬರೆದಿಡೋದು.

ಮೊದಲು ಟೈಮ್. ಏಪ್ರಿಲಲ್ಲಿ ಹೋದ್ರೆ ಕೆಳಗೆ ಬುರಾಂಶ್, ಅಂದ್ರೆ ರೋಡೋಡೆಂಡ್ರಾನ್, ಹೂವು ಸಿಗುತ್ತೆ, ಆದ್ರೆ ಮೇಲಿನ ಬುಗ್ಯಾಲ್, ಅಂದ್ರೆ ಹುಲ್ಲುಗಾವಲು, ಆಗ ತಾನೇ ಹಿಮದಿಂದ ಎದ್ದಿರುತ್ತೆ. ಗಿಡ ಗುರುತಿಸೋಕೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರು ಒಳ್ಳೇದು, ಮಳೆಗೆ ರಸ್ತೆ ಕುಸಿಯೋದು ಅಲ್ಲಿ ಮಾಮೂಲಿ ಹಾಗಾಗಿ ಎರಡು ದಿನ ಎಕ್ಸ್ಟ್ರಾ ಇಟ್ಕೊಳಿ. ಮುಂದಿನ ಸಲ ಹೋಗೋದಾದ್ರೆ ಅದೇ ವಾರಕ್ಕೇ ಹೋಗಿ, ಇಲ್ಲಾಂದ್ರೆ ಹೋಲಿಸೋಕಾಗಲ್ಲ.

ಆಮೇಲೆ ಜಾಗ. ಅಲ್ಲಾಡದೇ ಇರೋ ದೊಡ್ಡ ಬಂಡೆ, ದೇವಸ್ಥಾನದ ಗೋಡೆ ಮೂಲೆ, ಇಂಥದ್ದು ಒಂದು ಗುರುತು ಇಟ್ಕೊಂಡು ಅಲ್ಲೇ ನಿಂತು ನಾಲ್ಕೂ ದಿಕ್ಕಿಗೆ ಝೂಮ್ ಮಾಡದೇ ಫೋಟೋ ತೆಗೀರಿ, ಫೋಟೋದಲ್ಲಿ ದೂರದ ಬೆಟ್ಟದ ಸಾಲು ಬರ್ಲೇಬೇಕು, ನಾಳೆ ಯಾರಾದ್ರೂ ಅದೇ ಫ್ರೇಮ್ ಹಿಡಿಯೋಕೆ ಅದೇ ಆಧಾರ. ಎತ್ತರಕ್ಕೆ ಮಾತ್ರ ಬೋರ್ಡ್ ನಂಬಬೇಡಿ, ಚಂದ್ರಶಿಲಾ ಎತ್ತರ ಒಂದ್ಕಡೆ 3690 ಅಂತಾರೆ, ಇನ್ನೊಂದ್ಕಡೆ 4000 ಅಂತಾರೆ, ಫೋನ್ ಜಿಪಿಎಸ್ಸೂ ಎತ್ತರದ ವಿಷ್ಯದಲ್ಲಿ ಹತ್ತಾರು ಮೀಟರ್ ತಪ್ಪುತ್ತೆ. ಗುರುತಿನ ಬಂಡೆಯಿಂದ ಯಾವ ಕಡೆ, ಎಷ್ಟು ಹೆಜ್ಜೆ ಅಂತ ಬರೆಯೋದೇ ವಾಸಿ.

ಈಗ ಎಣಿಸೋದು. ನಾಲ್ಕು ಮೀಟರ್ ದಾರ ತಗೊಂಡು ತುದಿ ಎರಡೂ ಗಂಟು ಹಾಕಿ, ಪ್ರತಿ ಮೀಟರಿಗೆ ಒಂದು ಬಣ್ಣದ ನೂಲು ಕಟ್ಟಿ. ನೆಲದ ಮೇಲೆ ಆ ನಾಲ್ಕು ಗುರುತನ್ನ ಮೂಲೆ ಮಾಡಿ ಹರಡಿದ್ರೆ ಒಂದು ಮೀಟರ್ ಚೌಕ ರೆಡಿ, ಮೊಳೆ ಹೊಡೆಯೋದೇನೂ ಬೇಡ. ಗ್ಲೋರಿಯಾ ಅನ್ನೋ ಯೋಜನೇಲಿ ಜಗತ್ತಿನ ತುಂಬಾ ಬೆಟ್ಟದ ತುದಿಗಳನ್ನ ಅಳೆಯೋ ವಿಜ್ಞಾನಿಗಳೂ ಹೀಗೇ ಒಂದು ಮೀಟರ್ ಚೌಕಗಳನ್ನೇ ಬಳಸ್ತಾರೆ, ಅದೂ ತುದಿಯ ನಾಲ್ಕೂ ದಿಕ್ಕಲ್ಲಿ, ಯಾಕಂದ್ರೆ ದಕ್ಷಿಣದ ಇಳಿಜಾರಿಗೆ ಬಿಸಿಲು ಜಾಸ್ತಿ, ಉತ್ತರದಲ್ಲಿ ಹಿಮ ತುಂಬಾ ದಿನ ನಿಲ್ಲುತ್ತೆ. ನೇರ ಮೇಲಿಂದ ಒಂದು ಫೋಟೋ, ಆಮೇಲೆ ಪ್ರತಿ ಗಿಡದ ಎಲೆ, ಹೂವು, ಹೂವಿನ ಹಿಂಭಾಗ ಹತ್ತಿರದಿಂದ. ಹೆಸರು ಗೊತ್ತಿಲ್ದಿದ್ರೆ "ಗಿಡ 1, ಗಿಡ 2" ಸಾಕು, ಐನ್ಯಾಚುರಲಿಸ್ಟ್ ಅನ್ನೋ ಗಿಡ ಪ್ರಾಣಿ ಗುರುತಿಸೋ ಆ್ಯಪಿಗೆ ಫೋಟೋ ಹಾಕಿದ್ರೆ ಗೊತ್ತಿರೋರು ಹೇಳ್ತಾರೆ. ಎಷ್ಟು ಹೊತ್ತು ಹುಡುಕಿದ್ರಿ, ಏನು *ಸಿಗ್ಲಿಲ್ಲ* ಅನ್ನೋದನ್ನೂ ಬರೀರಿ, ಇದನ್ನ ಯಾರೂ ಬರಿಯಲ್ಲ. ಇವತ್ತು ಇಲ್ಲ ಅಂತ ಬರೆದಿದ್ರೆ ತಾನೇ ನಾಳೆ ಬಂದಿದ್ದು ಹೊಸದು ಅನ್ನೋಕಾಗೋದು.

ಪೊದೆ ಮೇಲೆ ಬಂದಿದ್ದೆಲ್ಲ ಹವಾಮಾನದ್ದೇ ಕೆಲಸ ಅಂತ ತಕ್ಷಣ ಹೇಳ್ಬೇಡಿ. ಕುರಿ ಮೇಯಿಸೋದು ನಿಂತ್ರೂ ಪೊದೆ ಬರುತ್ತೆ. ಮೊದಲು ಇಲ್ಲಿ ಕುರಿ ಎಮ್ಮೆ ಬರ್ತಿದ್ವಾ ಅಂತ ದಾರಿ ಮೇಲಿನ ಚಹಾ ಅಂಗಡಿ ಭಯ್ಯಾನ ಕೇಳಿ, ಅವರು ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳಿ. ಅದು ಕೇದಾರನಾಥ ಅಭಯಾರಣ್ಯದ ಜಾಗ, ಗಿಡ ಕೀಳೋ ಹಾಗಿಲ್ಲ, ಬ್ರಹ್ಮಕಮಲ ಕಂಡ್ರೂ ಮುಟ್ಟಬೇಡಿ. ಚೌಕದೊಳಗೆ ಕಾಲಿಡಬೇಡಿ, ಎದ್ದು ಬರುವಾಗ ದಾರ ಮರೀಬೇಡಿ, ನಾನು ಒಂದು ಬಿಟ್ಟು ಬಂದು ಅದಕ್ಕಾಗಿ ಮತ್ತೆ ಅರ್ಧ ಗಂಟೆ ಹತ್ತಿದ್ದೀನಿ.