ಆರ್ಕ್ಟಿಕ್ ಸ್ಕುವಾದ ಬಣ್ಣ: ಕಣ್ಣಲ್ಲಿ ಕಂಡದ್ದು, ಡಿಎನ್‌ಎಯಲ್ಲಿ ಓದಿದ್ದು

ಆರ್ಕ್ಟಿಕ್ ಸ್ಕುವಾ ಕಸಿದು ತಿನ್ನುವ ಹಕ್ಕಿ. ರೀವಕ್ಕಿ, ಕಿಟ್ಟಿವೇಕ್, ಪಫಿನ್‌ನಂಥ ಕಡಲಹಕ್ಕಿಗಳು ಮೀನು ಹಿಡಿದು ಗೂಡಿಗೆ ಹೊರಟರೆ ಇದು ಬೆನ್ನು ಹತ್ತುತ್ತದೆ. ಅವು ಬೇಸತ್ತು ಮೀನು ಬಿಡುವ ತನಕ ಕಾಡುತ್ತದೆ. ಬೀಳುವ ಮೀನನ್ನು ಗಾಳಿಯಲ್ಲೇ ಹಿಡಿಯುತ್ತದೆ. ಜಾತಿ ಒಂದೇ, ಗುಡ್ಡ ಒಂದೇ. ಆದರೂ ಕೆಲವಕ್ಕೆ ಹೊಟ್ಟೆ ಬಿಳಿ, ಕೆಲವು ಮೈಯೆಲ್ಲ ಕಂದು. ಇದು ಗಂಡು-ಹೆಣ್ಣಿನ ವ್ಯತ್ಯಾಸ ಅಲ್ಲ, ವಯಸ್ಸಿನದ್ದೂ ಅಲ್ಲ. ಬಿಳಿ ಹೊಟ್ಟೆಯದ್ದು ಕಂದು ಹಕ್ಕಿಯ ಜೊತೆ ಆರಾಮಾಗಿ ಸಂಸಾರ ಮಾಡುತ್ತದೆ.

ನಾನು ಕುಂದಾಪುರದ ಕಡೆಯವಳು. ಪಕ್ಷಿಗಳ ಜೆನೆಟಿಕ್ಸ್ ಓದಲು ಸ್ಕಾಟ್ಲೆಂಡಿಗೆ ಹೋದಾಗ ನನಗೆ ಸಿಕ್ಕಿದ್ದು ಶೆಟ್ಲೆಂಡ್ ದ್ವೀಪಗಳ ಸ್ಕುವಾ. ಇವುಗಳ ಬಣ್ಣದ ಹಿಂದಿನ ಜೀನ್ ಯಾವುದು ಅನ್ನುವುದು ಆಗಲೇ ಗೊತ್ತಿತ್ತು. ನಿಕ್ ಮಂಡಿ ಮತ್ತು ಜೊತೆಗಾರರು 2004ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಅದನ್ನು ಬರೆದಿದ್ದರು. ಹಾಗಾದರೆ ನಾನು ಮತ್ತೆ ಅದನ್ನೇ ಯಾಕೆ ಮಾಡಬೇಕಿತ್ತು? ಕಾರಣ ಹಳೆಯ ನೋಟ್‌ಬುಕ್‌ಗಳು. ಶೆಟ್ಲೆಂಡಿನದೇ ಆದ ಫೇರ್ ಐಲ್ ದ್ವೀಪದಲ್ಲಿ 1948ರಲ್ಲಿ ಪಕ್ಷಿ ವೀಕ್ಷಣಾಲಯ ಶುರುವಾಯಿತು. ಅಲ್ಲಿನ ಸ್ಕುವಾಗಳ ಬಣ್ಣವನ್ನು ಹಲವು ಜನ ದಶಕಗಟ್ಟಲೆ ಬರೆದಿಟ್ಟರು. ಜೆನೆಟಿಕ್ಸ್ ವಿಜ್ಞಾನಿ ಪೀಟರ್ ಓಡೊನಾಲ್ಡ್ ಅದರ ಮೇಲೆ ದೊಡ್ಡ ಲೆಕ್ಕಾಚಾರವನ್ನೇ ಕಟ್ಟಿದರು. ಅದೆಲ್ಲ ಬರೀ ಕಣ್ಣಲ್ಲಿ ನೋಡಿ ಬರೆದದ್ದು. ಆ ಕಣ್ಣಿನ ಲೆಕ್ಕ ಜೀನ್‌ಗೆ ಎಷ್ಟು ಹೊಂದುತ್ತದೆ ಅಂತ ಗೊತ್ತಾದರೆ ಹಳೆಯ ದಾಖಲೆಗಳ ಬೆಲೆ ಹೆಚ್ಚುತ್ತದೆ. ನನ್ನ ಕೆಲಸ ಅದು.

ಮೊದಲು ಹಕ್ಕಿ ಸಿಗಬೇಕಲ್ಲ. ಉದುರಿದ ಗರಿ ಹೆಕ್ಕಿದರೆ ಸಾಲದಾ ಅಂತ ಊರಲ್ಲಿ ಕೇಳುತ್ತಿದ್ದರು. ಸಾಲದು. ಸ್ಕುವಾ ತನ್ನ ರೆಕ್ಕೆಯ ದೊಡ್ಡ ಗರಿಗಳನ್ನು ಚಳಿಗಾಲದಲ್ಲಿ, ದಕ್ಷಿಣದ ಸಮುದ್ರಗಳಲ್ಲಿ ಬದಲಿಸುತ್ತದೆ. ಗೂಡಿನ ಹತ್ತಿರ ಹೆಕ್ಕಲು ಸಿಗುವುದು ತೀರಾ ಕಮ್ಮಿ. ಹಾಗಾಗಿ ಗೂಡಿನಲ್ಲೇ ಹಿಡಿಯಬೇಕು. ಹಿಡಿಯಲು, ಉಂಗುರ ಹಾಕಲು, ರಕ್ತ ತೆಗೆಯಲು ಎಲ್ಲಕ್ಕೂ ಲೈಸೆನ್ಸ್ ಬೇಕು, ಅನುಭವ ಇದ್ದವರು ಪಕ್ಕದಲ್ಲಿ ಇರಬೇಕು. ಗೂಡು ಅಂದರೆ ಹುಲ್ಲು, ಹೀದರ್ ಗಿಡಗಳ ನಡುವೆ ಒಂದು ತಗ್ಗು, ಅದರಲ್ಲಿ ಸಾಮಾನ್ಯವಾಗಿ ಎರಡು ಮೊಟ್ಟೆ. ನಿಜವಾದ ಮೊಟ್ಟೆಗಳನ್ನು ಬೆಚ್ಚಗಿನ ಡಬ್ಬಿಯಲ್ಲಿಟ್ಟು ಮರದ ಮೊಟ್ಟೆ ಇಡುತ್ತಿದ್ದೆವು. ಅಷ್ಟರಲ್ಲಿ ತಲೆಗೆ ಏಟು ಬೀಳುವುದು ಗ್ಯಾರಂಟಿ. ಸ್ಕುವಾ ಮೇಲಿನಿಂದ ಧುಮುಕಿ ಕಾಲಿನಲ್ಲಿ ಒದೆಯುತ್ತದೆ. ಒಂದು ಕೋಲನ್ನು ತಲೆಗಿಂತ ಮೇಲೆ ಹಿಡಿದರೆ ಕೋಲಿನ ತುದಿಗೇ ಗುರಿ ಇಡುತ್ತದೆ. ಸುಮ್ನೆ ಟೋಪಿ ನಂಬಿ ಹೋಗಬಾರದು.

ರೆಕ್ಕೆಯ ರಕ್ತನಾಳದಿಂದ ಒಂದು ಹನಿ ರಕ್ತ ಸಾಕು. ನಮ್ಮ ಕೆಂಪು ರಕ್ತಕಣಗಳಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ, ಹಕ್ಕಿಗಳದ್ದರಲ್ಲಿ ಇರುತ್ತದೆ. ಹಾಗಾಗಿ ಆ ಒಂದು ಹನಿಯಲ್ಲೇ ಬೇಕಾದಷ್ಟು ಡಿಎನ್‌ಎ. ಅದನ್ನು ಎಥೆನಾಲ್ ತುಂಬಿದ ಸಣ್ಣ ಟ್ಯೂಬಿಗೆ ಹಾಕಿ ನಂಬರ್ ಬರೆದರೆ ಮುಗಿಯಿತು.

ನಿಜವಾದ ಕಷ್ಟ ಬಣ್ಣ ಬರೆಯುವುದು. ಪುಸ್ತಕದಲ್ಲಿ ಮೂರು ಬಗೆ ಇರುತ್ತವೆ: ತಿಳಿ, ನಡು, ಗಾಢ. ತಿಳಿಯದ್ದನ್ನು ಯಾರು ಬೇಕಾದರೂ ಹೇಳಬಹುದು. ಕಪ್ಪು ಟೋಪಿ, ಹಳದಿ ಛಾಯೆಯ ಕೆನ್ನೆ, ಬಿಳಿ ಹೊಟ್ಟೆ. ಉಳಿದವು ಹಾಲು ಜಾಸ್ತಿ ಹಾಕಿದ ಕಾಫಿಯಿಂದ ಬರೀ ಡಿಕಾಕ್ಷನ್‌ವರೆಗೆ ಎಲ್ಲ ಹದದಲ್ಲೂ ಸಿಗುತ್ತವೆ. ಎಲ್ಲಿ ಗೆರೆ ಎಳೆಯುವುದು? ಕೈಯಲ್ಲಿ ಹಿಡಿದಾಗ ನಡು ಅನ್ನಿಸಿದ ಹಕ್ಕಿ ಹಾರುವಾಗ ಗಾಢ ಕಾಣುತ್ತದೆ. ಶೆಟ್ಲೆಂಡಿನ ಬೇಸಿಗೆಯಲ್ಲಿ ಸೂರ್ಯ ಗಂಟೆಗಟ್ಟಲೆ ಕೆಳಗೇ ಇರುತ್ತಾನೆ. ಆ ಹಳದಿ ಬೆಳಕಲ್ಲಿ ತೆಗೆದ ಫೋಟೊದಲ್ಲಿ ಎಲ್ಲ ಹಕ್ಕಿಯೂ ಬೆಚ್ಚಗಿನ ಕಂದು. ಸೀಸನ್ ಕೊನೆಗೆ ಬಿಸಿಲು, ಉಪ್ಪುಗಾಳಿಗೆ ಗರಿಯ ಬಣ್ಣವೇ ಮಾಸಿರುತ್ತದೆ.

ನಾವು ಹೀಗೆ ಮಾಡಿದೆವು. ಹಕ್ಕಿಯನ್ನು ನೆರಳಿಗೆ ತಂದು, ಪಕ್ಕದಲ್ಲಿ ಬೂದು ಬಣ್ಣದ ಕಾರ್ಡ್ ಇಟ್ಟು ಫೋಟೊ. ಕೆನ್ನೆ, ಕತ್ತಿನ ಹಿಂಭಾಗ, ಎದೆ, ಹೊಟ್ಟೆ, ಪಕ್ಕೆ, ಪ್ರತಿಯೊಂದಕ್ಕೂ ಬೇರೆ ಅಂಕ. ಇಡೀ ಹಕ್ಕಿಗೆ ಒಂದೇ ಹೆಸರು ಕೊಡುವುದನ್ನು ಬಿಟ್ಟೆವು. ಚಳಿಗಾಲದಲ್ಲಿ ಉಂಗುರದ ನಂಬರ್ ಮುಚ್ಚಿ, ಫೋಟೊಗಳ ಕ್ರಮ ಕಲೆಸಿ, ಇಬ್ಬರು ಬೇರೆ ಬೇರೆ ಕೂತು ಮತ್ತೆ ಅಂಕ ಹಾಕಿದೆವು. ತಿಳಿ ಹಕ್ಕಿಗಳಲ್ಲಿ ಇಬ್ಬರದೂ ಒಂದೇ ಉತ್ತರ. ಜಗಳ ಬಂದದ್ದೆಲ್ಲ ನಡು ಮತ್ತು ಗಾಢದ ನಡುವೆ. ಈ ಅಂಕಪಟ್ಟಿಗೆ ಬೀಗ ಹಾಕಿದ ಮೇಲೆಯೇ ಡಿಎನ್‌ಎ ಓದಲು ಕೂತದ್ದು. ಈ ಕ್ರಮವನ್ನು ನಾನು ಹಟ ಹಿಡಿದು ಕಾಪಾಡಿದೆ. ಜೀನ್ ಏನು ಹೇಳುತ್ತದೆ ಅಂತ ಒಮ್ಮೆ ಗೊತ್ತಾದರೆ ಕಣ್ಣು ಅದನ್ನೇ ನೋಡಲು ಶುರು ಮಾಡುತ್ತದೆ.

ಜೀನ್‌ನ ಹೆಸರು ಎಂಸಿ1ಆರ್. ಗರಿ ಹುಟ್ಟುವ ಗುಳಿಯಲ್ಲಿ ಬಣ್ಣ ತಯಾರಿಸುವ ಕೋಶಗಳಿರುತ್ತವೆ. ಅವುಗಳ ಹೊರಮೈಯಲ್ಲಿ ಕೂತಿರುವ ಒಂದು ಪ್ರೋಟೀನ್‌ಗೆ ಇದು ನಕ್ಷೆ. ಹಾರ್ಮೋನ್ ಬಂದು ತಾಗಿದರೆ ಆ ಪ್ರೋಟೀನ್ ಒಳಗೆ ಸುದ್ದಿ ಕಳಿಸುತ್ತದೆ, ಕೋಶ ಕಪ್ಪು-ಕಂದು ಮೆಲನಿನ್ ತಯಾರಿಸುತ್ತದೆ. ಕೆಲವು ಬದಲಾವಣೆಗಳು ಬಂದರೆ ಸುದ್ದಿ ಜಾಸ್ತಿ ಹೋಗುತ್ತದೆ, ಗರಿ ಕಪ್ಪಾಗುತ್ತದೆ. ಕಪ್ಪು ಕೋಳಿಗಳಲ್ಲೂ ಇದೇ ಜೀನ್. ಮನುಷ್ಯರಲ್ಲಿ ಇದರ ಕೆಲಸ ಕುಂದಿದರೆ ಕೆಂಪು ಕೂದಲು.

ಎಂಸಿ1ಆರ್ ಸಣ್ಣ ಜೀನ್. ಡಿಎನ್‌ಎಯ ಎ, ಸಿ, ಜಿ, ಟಿ ಅಕ್ಷರಗಳಲ್ಲಿ ಸಾವಿರವೂ ಇಲ್ಲ, ನಡುವೆ ಪ್ರೋಟೀನ್‌ಗೆ ಬೇಡದ ತುಂಡೂ ಇಲ್ಲ. ನೋಡಲು ಸುಲಭ ಅನ್ನಿಸುತ್ತದೆ. ಪಿಸಿಆರ್‌ಗೆ, ಅಂದರೆ ಆ ಡಿಎನ್‌ಎ ತುಂಡನ್ನು ಮತ್ತೆ ಮತ್ತೆ ನಕಲು ಮಾಡಲು ಇಟ್ಟಾಗ ಸತಾಯಿಸುತ್ತದೆ. ಜಿ ಮತ್ತು ಸಿ ಅಕ್ಷರಗಳು ತುಂಬಾ ಇರುವುದರಿಂದ ಎಳೆಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ, ಬಿಡಿಸುವುದು ಕಷ್ಟ. ನಕಲು ಸರಿಯಾಗಿದೆಯಾ ಅಂತ ನೋಡುವ ಜೆಲ್‌ನಲ್ಲಿ ಗೆರೆ ಬರುವ ಜಾಗದಲ್ಲಿ ಮಬ್ಬು ಬರುತ್ತದೆ. ಎಳೆ ಬಿಡಿಸಲು ನೆರವಾಗುವ ಡಿಎಂಎಸ್‌ಒ ಅನ್ನುವ ರಾಸಾಯನಿಕ ಸ್ವಲ್ಪ ಸೇರಿಸಿ, ಬಿಸಿ ಮಾಡುವ ಹಂತವನ್ನು ಕೊಂಚ ಉದ್ದ ಮಾಡಿದ ಮೇಲೆ ಗೆರೆ ಚೊಕ್ಕವಾಯಿತು. ಪ್ರತಿ ಸಲ ಡಿಎನ್‌ಎ ಹಾಕದ ಒಂದು ಖಾಲಿ ಟ್ಯೂಬ್ ಕೂಡ ಓಡಿಸುತ್ತಿದ್ದೆ. ಅದರಲ್ಲೂ ಗೆರೆ ಬಂದರೆ ಆ ದಿನದ್ದೆಲ್ಲ ಕಸದ ಬುಟ್ಟಿಗೆ.

ಸೀಕ್ವೆನ್ಸ್, ಅಂದರೆ ಅಕ್ಷರಗಳ ಸಾಲು ಬಂದಾಗ ನೋಡಬೇಕಾದ ಜಾಗ ಒಂದೇ, ಆ ಪ್ರೋಟೀನ್‌ನ 230ನೇ ಅಮೈನೋ ಆಮ್ಲ. ತಿಳಿ ಹಕ್ಕಿಯಲ್ಲಿ ಅಲ್ಲಿ ಆರ್ಜಿನಿನ್, ಗಾಢ ಅಲೀಲ್‌ನಲ್ಲಿ (ಅಲೀಲ್ ಅಂದರೆ ಒಂದೇ ಜೀನ್‌ನ ಬೇರೆ ಬೇರೆ ರೂಪ) ಹಿಸ್ಟಿಡಿನ್. ಅಕ್ಷರದ ಲೆಕ್ಕದಲ್ಲಿ ಒಂದು ಜಿ ಹೋಗಿ ಎ ಆಗಿದೆ, ಅಷ್ಟೇ. ಪರದೆಯ ಮೇಲಿನ ಗ್ರಾಫ್‌ನಲ್ಲಿ ಜಿ ಕಪ್ಪು ಶಿಖರ, ಎ ಹಸಿರು ಶಿಖರ. ತಿಳಿ ಹಕ್ಕಿಯಲ್ಲಿ ಒಂಟಿ ಕಪ್ಪು. ಎರಡೂ ಅಲೀಲ್ ಗಾಢದ್ದಾದರೆ ಒಂಟಿ ಹಸಿರು. ತಾಯಿಯಿಂದ ಒಂದು ಬಗೆ, ತಂದೆಯಿಂದ ಇನ್ನೊಂದು ಬಗೆ ಬಂದಿದ್ದರೆ ಒಂದೇ ಜಾಗದಲ್ಲಿ ಕಪ್ಪು, ಹಸಿರು ಎರಡೂ, ಎತ್ತರ ಸುಮಾರು ಅರ್ಧರ್ಧ. ಇಂಥದ್ದನ್ನು ಸಾಫ್ಟ್‌ವೇರ್ ಎಷ್ಟೋ ಸಲ ಒಂದೇ ಅಕ್ಷರ ಅಂತ ಓದಿಬಿಡುತ್ತದೆ. ಅದಕ್ಕೇ ಎದುರು ಎಳೆಯನ್ನೂ ಓದಿಸಿ, ಅಲ್ಲಿ ಸಿ ಮತ್ತು ಟಿ ಎರಡೂ ಕಂಡರೆ ಮಾತ್ರ ಒಪ್ಪುತ್ತಿದ್ದೆ.

ಬೀಗ ತೆಗೆದು ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟಾಗ 2004ರಲ್ಲಿ ಅವರು ಹೇಳಿದ್ದೇ ಬಂತು. ಗಾಢ ಅಲೀಲ್ ಹೆಚ್ಚಿದಷ್ಟೂ ಹಕ್ಕಿ ಕಪ್ಪು. ತಿಳಿ ಹಕ್ಕಿಗಳಲ್ಲಿ ಗಾಢ ಅಲೀಲ್ ಇರಲಿಲ್ಲ. ಆದರೆ ನಾವು ಜಗಳ ಆಡಿದ್ದ ಹಕ್ಕಿಗಳಲ್ಲಿ ಜಾಸ್ತಿ ಪಾಲು ಎರಡು ಶಿಖರದವು. ಒಂದೇ ಗಾಢ ಅಲೀಲ್ ಇದ್ದರೂ ಕೆಲವು ಪೂರ್ತಿ ಗಾಢ ಕಂಡಿದ್ದವು. ಅಂದರೆ ಹಳೆಯ ನೋಟ್‌ಬುಕ್‌ನಲ್ಲಿ ತಿಳಿ ಅಂತ ಬರೆದಿದ್ದರೆ ಕಣ್ಣು ಮುಚ್ಚಿ ನಂಬಬಹುದು. ನಡು, ಗಾಢ ಅನ್ನುವ ಎರಡನ್ನು ಮಾತ್ರ ಒಂದೇ ಗುಂಪಿಗೆ ಹಾಕುವುದು ಕ್ಷೇಮ. ನನಗೆ ಕೆಲಸಕ್ಕೆ ಬಂದದ್ದು ಇಷ್ಟು.

ಈ ಎರಡು ಬಣ್ಣ ಉಳಿದುಕೊಂಡದ್ದು ಯಾಕೆ ಅನ್ನುವುದು ಬೇರೆಯದೇ ಕತೆ. ಶೆಟ್ಲೆಂಡಿನ ಕಡೆ ನಾಲ್ಕರಲ್ಲಿ ಮೂರರಷ್ಟು ಗಾಢ. ಉತ್ತರಕ್ಕೆ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳನ್ನು ತಲುಪಿದರೆ ಹೆಚ್ಚುಕಮ್ಮಿ ಎಲ್ಲ ತಿಳಿ. ಗಾಢ ಗಂಡುಗಳಿಗೆ ಬೇಗ ಜೋಡಿ ಸಿಗುತ್ತದೆ ಅಂತ ಓಡೊನಾಲ್ಡ್ ಫೇರ್ ಐಲ್ ನೋಡಿ ವಾದಿಸಿದರು. ಅಪರೂಪದ ಬಣ್ಣದ ಕಳ್ಳನನ್ನು ಪಫಿನ್‌ಗಳು ತಡವಾಗಿ ಗುರುತಿಸುತ್ತವೆ, ಅದರಿಂದ ಕಸಿಯುವುದು ಸುಲಭ ಅನ್ನುವ ವಾದವೂ ಇದೆ. ಎರಡನೆಯದು ಕೇಳಲು ಚೆನ್ನ, ಆದರೆ ನನಗೆ ಅದರ ಮೇಲೆ ನಂಬಿಕೆ ಕಮ್ಮಿ. ಸ್ಕುವಾ ಹಾರುವ ರೀತಿಯಿಂದಲೇ ಪಫಿನ್‌ಗೆ ಗೊತ್ತಾಗುತ್ತದೆ, ಬಣ್ಣ ನೋಡುತ್ತಾ ಕೂರಲು ಅದಕ್ಕೆ ಪುರುಸೊತ್ತು ಎಲ್ಲಿದೆ? ಇದನ್ನೆಲ್ಲ ಪರೀಕ್ಷಿಸಲು ಹಕ್ಕಿಗಳೇ ಉಳಿಯುತ್ತಿಲ್ಲ. 2000ದ ಸುಮಾರಿನ ಎಣಿಕೆಯಲ್ಲಿ ಬ್ರಿಟನ್‌ನಲ್ಲಿ ಸುಮಾರು 2,100 ಜೋಡಿ ಇದ್ದವು, ಈಗ ಅದರ ಅರ್ಧವೂ ಇಲ್ಲ. ಸ್ಯಾಂಡ್‌ಈಲ್ ಮೀನು ಕಮ್ಮಿಯಾದರೆ ಕಿಟ್ಟಿವೇಕ್‌ಗೆ ಮೀನಿಲ್ಲ, ಸ್ಕುವಾಗೆ ಕಸಿಯಲು ಏನೂ ಇಲ್ಲ.

ಈಗ ಊರಿಗೆ ಬಂದ ಮೇಲೆ ಮಲ್ಪೆ, ಮಂಗಳೂರಿನಿಂದ ಬೋಟಿನಲ್ಲಿ ಕಡಲಿಗೆ ಹೋಗುವ ಹಕ್ಕಿಪ್ರಿಯರು ಪೊಮರೈನ್ ಸ್ಕುವಾದ ಫೋಟೊ ವಾಟ್ಸಾಪ್ ಮಾಡುತ್ತಾರೆ. ‘ಇದು ಡಾರ್ಕ್ ಮಾರ್ಫ್ ಅಲ್ವಾ ಮೇಡಂ?’ ಅಂತ ಪ್ರಶ್ನೆ. ಮಾರ್ಫ್ ಅಂದರೆ ಬಣ್ಣದ ಬಗೆ. ಪೊಮರೈನ್‌ನಲ್ಲೂ ತಿಳಿ, ಗಾಢ ಎರಡಿವೆ, ಗಾಢ ಅಪರೂಪ. ಜೀನ್ ಅದೇ ಎಂಸಿ1ಆರ್, ಆದರೆ ಬದಲಾವಣೆ ಬೇರೆಯಾಗಿ ಬಂದದ್ದು. ಅದರ ಗಾಢ ಅಲೀಲ್ ಗ್ರೇಟ್ ಸ್ಕುವಾ ಗುಂಪಿನ ಅಲೀಲ್‌ಗೆ ಹತ್ತಿರ ಅನ್ನುವುದು 2017ರಲ್ಲಿ ಗೊತ್ತಾಯಿತು. ಹಿಂದೊಮ್ಮೆ ಜಾತಿಗಳು ಬೆರೆತಿರಬಹುದು ಅನ್ನುವ ಹಳೆಯ ಅನುಮಾನಕ್ಕೆ ಇದೂ ಸೇರಿತು.

ಬೋಟಿನ ಫೋಟೊದಲ್ಲಿ ನಾನು ಮೊದಲು ನೋಡುವುದು ರೆಕ್ಕೆಯ ಅಡಿಭಾಗ. ಅಲ್ಲಿ ಪಟ್ಟೆ ಪಟ್ಟೆ ಇದ್ದರೆ ಎಳೆಯ ಹಕ್ಕಿ. ಎಳೆಯವುಗಳಲ್ಲಿ ಹೆಚ್ಚಿನವು ಹೇಗೂ ಕಂದು, ಅವುಗಳ ಮಾರ್ಫ್ ಹೇಳಲು ಹೋಗಬಾರದು. ಬೆಳೆದ ಹಕ್ಕಿಯೇ ಆದರೆ ಎದೆ ಮತ್ತು ಕತ್ತಿನ ಹಿಂಭಾಗ ಕಾಣುವ ಇನ್ನೊಂದು ಫೋಟೊ ಕೇಳುತ್ತೇನೆ, ಎಷ್ಟು ಹೊತ್ತಿಗೆ ತೆಗೆದದ್ದು ಅಂತಲೂ ಕೇಳುತ್ತೇನೆ. ಸಿಗದಿದ್ದರೆ ಜಾತಿ ಬರೆದು ಬಣ್ಣದ ಕಾಲಂ ಖಾಲಿ ಬಿಡಲು ಹೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ, ಏನೂ ಮಾಡುವ ಹಾಗಿಲ್ಲ.